ಒಂದೇ ತಂತಿಯ ಊರು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ದೂರವಾಣಿ ಯಂತ್ರಗಳ ವಿಷಯವಾಗಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ನಮ್ಮ ಅಧ್ಯಾಪಕರಲ್ಲಿ ಕೆಲವರಿಗಾದರೂ ತೋರದೆ ಇರದು. ಸಂಚಿಕೆಯ ಸಂಪಾದಕರು ನನ್ನಿಂದ ಕೇಳಿದ್ದು ಕೋಲಾರ ಸೀಮೆಯ ಕೆರೆಗಳ ಮೇಲೊಂದು ಪ್ರಬಂಧವನ್ನು. ನಾನೂ ಒಪ್ಪಿಕೊಂಡೆ, ಎರಡು ಪುಟ ಬರೆದೂ ಇಟ್ಟೆ. ಆದರೆ ಬರೆಯುತ್ತ ಕುಳಿತಾಗಲೆಲ್ಲ ಮನಸ್ಸು ಕೆರೆಯ ಏರಿಯನ್ನು ಬಿಟ್ಟು, ನಮ್ಮೂರ ರಸ್ತೆಯ ಬದಿಯಲ್ಲಿ ತುಂಡಾಗಿ ಬಿದ್ದಿದ್ದ ಒಂದು ಕರಿಯ ಕೊಳವೆಯ ಕಡೆಗೇ ಓಡುತ್ತಿತ್ತು. ಕೊನೆಗೆ ಕೆರೆಯನ್ನು ಮುಂದಿನ ವರ್ಷಕ್ಕೆ ಬಿಟ್ಟು ಕೊಳವೆಯನ್ನೇ ಆರಿಸಿಕೊಂಡಿದ್ದೇನೆ. ಸಂಪಾದಕರು ಕ್ಷಮಿಸಬೇಕು.

ನಮ್ಮೂರು ಕೋಲಾರ ತಾಲ್ಲೂಕಿನ ಕ್ಯಾಲನೂರು. ಮೂರು ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ದೊಡ್ಡಪ್ಪನವರಿಗೆ ಎದೆನೋವು ಕಾಣಿಸಿಕೊಂಡಿತು. ಮನೆಯಲ್ಲಿ ನಾಲ್ಕು ಮೊಬೈಲುಗಳಿದ್ದವು. ತಾತನ ಹಠದಿಂದ ಉಳಿದುಕೊಂಡಿದ್ದ ಹಳೆಯ ಸ್ಥಿರ ದೂರವಾಣಿಯೂ ಗೋಡೆಯ ಗೂಡಿನಲ್ಲಿತ್ತು. ಐದೂ ಒಂದೇ ಸಮನೆ ಮೂಕವಾಗಿದ್ದವು. ಆ ಸಂಜೆ ರಸ್ತೆ ಅಗಲ ಮಾಡುವ ಯಂತ್ರವೊಂದು ನೆಲ ಕೆದರುವಾಗ ಗಾಜಿನ ತಂತಿಯನ್ನು ಕತ್ತರಿಸಿ ಹಾಕಿತ್ತೆಂದು ಮರುದಿನ ತಿಳಿಯಿತು. ಆಂಬ್ಯುಲೆನ್ಸನ್ನು ಕರೆಯಲಾಗಲಿಲ್ಲ, ಅದಿರಲಿ, ಊರಿನ ಆ ತುದಿಯಲ್ಲಿ ಕಾರು ಇಟ್ಟುಕೊಂಡಿರುವವರ ಮನೆಗೂ ಕರೆ ಹೋಗಲಿಲ್ಲ. ನನ್ನ ತಮ್ಮ ಮಳೆಯಲ್ಲಿ ಬರಿಗಾಲಿನಲ್ಲಿ ಓಡಿದ. ದೈವವಶಾತ್ ದೊಡ್ಡಪ್ಪ ಉಳಿದರು. ಈಗಲೂ ಬೆಳಿಗ್ಗೆ ಹಾಲಿನ ಡೈರಿಗೆ ತಾವೇ ಹೋಗಿ ಬರುತ್ತಾರೆ.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಾತ ಒಂದು ಮಾತು ಹೇಳಿದರು. ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. "ಹಿಂದೆ ಕೋಲಾರದ ಲೈನು ಹೋದರೆ ಕೋಲಾರಕ್ಕೆ ಮಾತ್ರ ಹೋಗುತ್ತಿತ್ತಪ್ಪ, ಊರೊಳಗೆ ಮಾತಾಡಬಹುದಿತ್ತು. ಈಗ ಪಕ್ಕದ ಮನೆಗೆ ಫೋನು ಮಾಡಬೇಕಾದರೂ ಬೆಂಗಳೂರಿಗೆ ಹೋಗಿ ಬರಬೇಕೇನು?" ಎಂದರು. ಹಳಬರು ಹಳೆಯದನ್ನು ಹೊಗಳುವುದು ಹೊಸದಲ್ಲವೆಂದು ನಾನು ನಕ್ಕುಬಿಟ್ಟೆ. ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿ ನೋಡಿದರೆ, ತಾತ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ದೂರವಾಣಿಯ ವಿನಿಮಯ ಕೇಂದ್ರವೆಂಬುದು, ನಾವೆಲ್ಲ ಎಕ್ಸ್‌ಚೇಂಜು ಎನ್ನುವುದು, ಮೊದಲಿನಿಂದಲೂ ಊರಿನ ಒಳಗೇ ಇರುವ ವಸ್ತು. 1891ರಲ್ಲಿ ಅಮೆರಿಕದ ಸ್ಟ್ರೌಜರ್ ಎಂಬ ಶವಸಂಸ್ಕಾರದ ವ್ಯಾಪಾರಿಯೊಬ್ಬನು ತಾನೇ ತಿರುಗಿ ಸಂಪರ್ಕ ಕೊಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದ ಕಾಲದಿಂದಲೂ, ಒಂದು ಬೀದಿಯ ಎರಡು ಮನೆಗಳ ತಂತಿಗಳು ಅದೇ ಊರಿನ ಒಂದು ಕೋಣೆಗೆ ಬಂದು ಅಲ್ಲಿಯೇ ಕೂಡುತ್ತಿದ್ದವು. ಹೊರಊರಿನ ಮಾತಿಗೆ ಮಾತ್ರ ಟ್ರಂಕ್ ಮಾರ್ಗ ಬೇಕಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು. ಕೋಲಾರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ನಾವೆಲ್ಲ ಅದರ ಬಾಗಿಲನ್ನು ಹಾದುಹೋಗಿರುತ್ತೇವೆ. ಒಳಗೆ ಏನು ತಯಾರಾಗುತ್ತಿತ್ತೆಂದು ಕೇಳಿದವರು ಕಡಿಮೆ.

ಆದರೆ ಹಳ್ಳಿಯ ಮಟ್ಟಿಗೆ ನಿಜವಾದ ತಿರುವು ಬಂದದ್ದು 1984ರಲ್ಲಿ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾದ ಮೇಲೆ. ಅಲ್ಲಿನ ಇಂಜನಿಯರುಗಳು ಭಾರತದ ಹಳ್ಳಿಗೆಂದೇ ಒಂದು ಸಣ್ಣ ಎಕ್ಸ್‌ಚೇಂಜನ್ನು ರೂಪಿಸಿದರು. 128 ದ್ವಾರಗಳ ಒಂದು ಪೆಟ್ಟಿಗೆ. ತಂಪುಯಂತ್ರದ ಹಂಗಿಲ್ಲ, ಧೂಳಿಗೂ ಬಿಸಿಲಿಗೂ ಅಂಜುವುದಿಲ್ಲ, ಕಾಯಲು ಒಬ್ಬ ಆಳೂ ಬೇಕಿಲ್ಲ. ಅದರ ಮೊದಲನೆಯದು 1986ರ ಜುಲೈನಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿಯೇ ಕೆಲಸ ಆರಂಭಿಸಿತೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. ರಾಣಿ ಚೆನ್ನಮ್ಮನ ಕಿತ್ತೂರನ್ನು ಪಾಠದಲ್ಲಿ ಓದಿದ್ದೇವೆ. ಈ ಕಿತ್ತೂರನ್ನು ಯಾರೂ ಹೇಳಿಕೊಡಲಿಲ್ಲ. ಆ ಪೆಟ್ಟಿಗೆಯ ಮಿದುಳು, ಅಂದರೆ ನಿಯಂತ್ರಕವು, ಜೋಡಿಯಾಗಿತ್ತು. ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ಎತ್ತಿಕೊಳ್ಳುತ್ತಿತ್ತು. ಹೊರಗಿನ ಮಾರ್ಗ ಕಡಿದರೂ ಊರೊಳಗಿನ ಕರೆಗಳನ್ನು ತಾನೇ ಕೂಡಿಸುತ್ತಿತ್ತು. ಅದರ ಬ್ಯಾಟರಿಯಿಂದ ಹೊರಟ 48 ವೋಲ್ಟಿನ ವಿದ್ಯುತ್ತು ಅದೇ ತಾಮ್ರದ ತಂತಿಯಲ್ಲಿ ಪ್ರತಿ ಮನೆಯ ದೂರವಾಣಿಗೂ ಹರಿಯುತ್ತಿದ್ದುದರಿಂದ, ಊರಿನಲ್ಲಿ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ತಾತ ಹೇಳಿದ "ಹಿಂದೆ" ಎಂದರೆ ಇದೇ.

ಈಗ ನಡೆದಿರುವ ಬದಲಾವಣೆ ಇದಕ್ಕಿಂತ ಬೇರೆ ಜಾತಿಯದು. ಇಂದು ಮಾತನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕತ್ತರಿಸಿ, ಪ್ರತಿ ಪೊಟ್ಟಣಕ್ಕೂ ವಿಳಾಸ ಬರೆದು, ಅಂತರಜಾಲದ ಪದ್ಧತಿಯಲ್ಲಿ, ಅಂದರೆ ಐ.ಪಿ.ಯಲ್ಲಿ, ಸಾಗಿಸುತ್ತಾರೆ. ಯಾರು ಯಾರೊಡನೆ ಕೂಡಬೇಕೆಂದು ನಿರ್ಣಯಿಸುವ ಮಿದುಳನ್ನು ಊರಿನ ಪೆಟ್ಟಿಗೆಯಿಂದ ಕಿತ್ತು ದೂರದ ನಗರವೊಂದರ ದೊಡ್ಡ ಗಣಕಯಂತ್ರದಲ್ಲಿ ಇಟ್ಟಿದ್ದಾರೆ. ಅದಕ್ಕೆ ಸಾಫ್ಟ್‌ಸ್ವಿಚ್ಚು ಎಂದು ಹೆಸರು. ಊರಿನಲ್ಲಿ ಉಳಿಯುವುದು ಗೇಟ್‌ವೇ ಎಂಬ ಬರಿಯ ಬಾಗಿಲು. 2010ರ ದಶಕದಲ್ಲಿ ಸಿ-ಡಾಟ್ ಸಂಸ್ಥೆಯೇ, ತನ್ನ ಹಳೆಯ ಎಕ್ಸ್‌ಚೇಂಜುಗಳಲ್ಲಿ ಚಂದಾದಾರರ ತಂತಿಗಳು ಬಂದು ಸೇರುವ ಕಾರ್ಡುಗಳನ್ನು ಹಾಗೆಯೇ ಉಳಿಸಿಕೊಂಡು ಮಿದುಳನ್ನು ಮಾತ್ರ ಬದಲಿಸುವ ಮ್ಯಾಕ್ಸ್-ಎನ್‌ಜಿ ಎಂಬ ವ್ಯವಸ್ಥೆಯನ್ನು ಸಿದ್ಧಪಡಿಸಿತು. ಇದೊಂದು ಮಿತವ್ಯಯದ, ಜಾಣತನದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ನಾನು ಹೊಸದನ್ನು ನಿಂದಿಸಲು ಹೊರಟವನಲ್ಲ. ಹಳೆಯ ಯಂತ್ರಗಳಿಗೆ ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಬಲ್ಲವರು ನಿವೃತ್ತರಾಗುತ್ತಿದ್ದಾರೆ, ಮಾತಿಗೊಂದು ಅಂತರಜಾಲಕ್ಕೊಂದು ಎಂದು ಎರಡು ಜಾಲಗಳನ್ನು ಸಾಕುವುದು ಯಾವ ಇಲಾಖೆಗೂ ಹೊರೆಯೇ. ಬದಲಾವಣೆ ಆಗಲೇಬೇಕಿತ್ತು.

ನನ್ನ ತಕರಾರು ಬೇರೆ. ಸಾವಿರ ಊರುಗಳ ಸಾವಿರ ಮಿದುಳುಗಳನ್ನು ತೆಗೆದು ಒಂದು ಕಡೆ ಇಟ್ಟಮೇಲೆ, ಆ ಒಂದು ಕಡೆಗೆ ಏನಾದರೂ ಆದರೆ?

ಇಂಜನಿಯರುಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಇಲ್ಲ. ಅವರ ಉತ್ತರ, ಮಿದುಳು ಎರಡಿರಬೇಕು, ಅವು ಒಂದೇ ಕಟ್ಟಡದಲ್ಲಿರದೆ ಬೇರೆ ಬೇರೆ ಊರುಗಳಲ್ಲಿರಬೇಕು ಎಂದು. ಕೇಳಲು ಸುಲಭ; ಮಾಡಲು ಎಷ್ಟು ಕಷ್ಟವೆಂಬುದನ್ನು ನಮ್ಮ ಕಡೆಯ ಒಂದು ಉಪಮಾನದಿಂದ ಹೇಳುತ್ತೇನೆ. ಒಂದು ಸೀಮೆಗೆ ಇಬ್ಬರು ಶಾನುಭೋಗರನ್ನು ನೇಮಿಸಿದ್ದಾರೆಂದು ಭಾವಿಸಿ. ಒಬ್ಬರು ಮಾಲೂರಿನಲ್ಲಿ, ಇನ್ನೊಬ್ಬರು ಮುಳಬಾಗಿಲಿನಲ್ಲಿ. ಮಾಲೂರಿನವರು ಲೆಕ್ಕ ಬರೆಯುತ್ತಾರೆ. ಬರೆದ ಪ್ರತಿ ಸಾಲನ್ನೂ ಮುಳಬಾಗಿಲಿಗೆ ಕಳುಹಿಸುತ್ತಾರೆ. ಅವರು ನಕಲು ಮಾಡಿಕೊಳ್ಳುತ್ತ ಕಾದಿರುತ್ತಾರೆ. ಮಾಲೂರಿನವರು ಮಲಗಿಬಿಟ್ಟರೆ ಮುಳಬಾಗಿಲಿನವರು ಅದೇ ಸಾಲಿನಿಂದ ಮುಂದುವರಿಸಬೇಕು. ಈಗ ಇಬ್ಬರ ನಡುವಿನ ದಾರಿ ಮಾತ್ರ ಕಡಿಯಿತೆನ್ನಿ. ಇಬ್ಬರೂ ಕ್ಷೇಮವಾಗಿದ್ದಾರೆ. ಆದರೆ ಮುಳಬಾಗಿಲಿನವರಿಗೆ ಸುದ್ದಿ ಬರುವುದು ನಿಂತಿತು. "ಅವರು ಹೋದರು" ಎಂದುಕೊಂಡು ತಾವೂ ಬರೆಯಲಾರಂಭಿಸುತ್ತಾರೆ. ಒಂದೇ ಹೊಲಕ್ಕೆ ಎರಡು ಖಾತೆ! ದೂರವಾಣಿಯವರು ಇದನ್ನು ಮಿದುಳು ಸೀಳುವ ರೋಗವೆನ್ನುತ್ತಾರೆ. ಇದಕ್ಕೆ ಮದ್ದು ಎಂದರೆ ಮೂರನೆಯ ಒಬ್ಬ ಸಾಕ್ಷಿ, ಶ್ರೀನಿವಾಸಪುರದಲ್ಲಿ ಕುಳಿತವನು. ಅವನಿಗೆ ಲೆಕ್ಕ ಬರೆಯುವ ಅಧಿಕಾರವಿಲ್ಲ. ಸಂಶಯ ಬಂದಾಗ ಯಾರು ಬರೆಯಬೇಕೆಂದು ಹೇಳುವುದಷ್ಟೇ ಅವನ ಕೆಲಸ. ಆ ಮೂರನೆಯವನ ಖರ್ಚನ್ನು ಉಳಿಸಿ ಕೆಟ್ಟ ವ್ಯವಸ್ಥೆಗಳು ಲೋಕದಲ್ಲಿ ಉಂಟು.

ದೂರದ ಪ್ರಶ್ನೆಯೂ ಇದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಬೆಂಗಳೂರಿಗೂ ಹುಬ್ಬಳ್ಳಿಗೂ ನಡುವೆ ಸುಮಾರು 400 ಕಿಲೋಮೀಟರೆಂದರೆ ಒಂದು ಕಡೆಯ ಪ್ರಯಾಣಕ್ಕೆ ಸೆಕೆಂಡಿನ ಐನೂರರಲ್ಲಿ ಒಂದು ಭಾಗ. ಮನುಷ್ಯನ ಕಿವಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಪ್ರತಿ ಸಾಲನ್ನೂ ಕಳುಹಿಸಿ, "ತಲುಪಿತು" ಎಂಬ ಉತ್ತರಕ್ಕೆ ಕಾದು, ಮುಂದಿನ ಸಾಲನ್ನು ಬರೆಯುವ ಯಂತ್ರಕ್ಕೆ ಈ ಕಾಯುವಿಕೆ ಕೂಡುತ್ತ ಹೋಗುತ್ತದೆ. ಕಾಯದೆ ಬರೆದರೆ, ಬಿದ್ದ ಗಳಿಗೆಯ ಕೆಲವು ಸಾಲುಗಳು ಕಳೆದುಹೋಗುತ್ತವೆ, ಅಂದರೆ ಕೆಲವರ ಮಾತು ನಡುವೆ ಕಡಿಯುತ್ತದೆ. ಹತ್ತಿರ ಇಟ್ಟರೆ ಒಂದೇ ನೆರೆಗೆ, ಒಂದೇ ಬೆಂಕಿಗೆ ಎರಡೂ ಸಿಕ್ಕುತ್ತವೆ. ದೂರ ಇಟ್ಟರೆ ನಕಲು ಹಿಂದೆ ಬೀಳುತ್ತದೆ. ನನ್ನ ಮಟ್ಟಿಗೆ ನಡುವೆ ಕಡಿದ ಮಾತನ್ನು ಕ್ಷಮಿಸಬಹುದು. ಪುನಃ ಡಯಲ್ ಮಾಡಿದರಾಯಿತು. ಪುನಃ ಡಯಲ್ ಮಾಡಿದಾಗಲೂ ಉತ್ತರವಿಲ್ಲದಿರುವುದನ್ನು ಕ್ಷಮಿಸಲಾಗದು. ಆದಕಾರಣ ದೂರವೇ ಇರಲಿ ಎಂಬುದು ನನ್ನ ಪಕ್ಷ.

ಲೋಕಾನುಭವವೂ ಇದನ್ನೇ ಹೇಳುತ್ತದೆ. 1988ರ ಮೇ 8ರಂದು ಅಮೆರಿಕದ ಷಿಕಾಗೋ ಬಳಿಯ ಹಿನ್ಸ್‌ಡೇಲ್ ಎಂಬಲ್ಲಿ ಎಕ್ಸ್‌ಚೇಂಜು ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಸುತ್ತಲಿನ ಊರುಗಳ ಮಾರ್ಗಗಳೆಲ್ಲ ಆ ಒಂದೇ ಮನೆಯ ಮೂಲಕ ಹಾಯುತ್ತಿದ್ದುದರಿಂದ, ಅಲ್ಲಿನ 35,000 ಚಂದಾದಾರರ ಜೊತೆಗೆ ಹೊರಗಿನವರೂ ಸಂಪರ್ಕ ಕಳೆದುಕೊಂಡರು. ಸರಿಯಾಗಲು ವಾರಗಳೇ ಹಿಡಿದವು. ಅದು ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟ ತಪ್ಪು. 1990ರ ಜನವರಿ 15ರದು ಇನ್ನೂ ವಿಚಿತ್ರ. ಅದೇ ದೇಶದ ಎ.ಟಿ.ಅಂಡ್.ಟಿ. ಕಂಪನಿಯ 114 ದೊಡ್ಡ ಎಕ್ಸ್‌ಚೇಂಜುಗಳು ದೇಶದಾದ್ಯಂತ ಹರಡಿಕೊಂಡಿದ್ದವು. ಒಂದಕ್ಕೊಂದು ನೂರಾರು ಮೈಲಿ ದೂರ. ಬೆಂಕಿಗೂ ನೆರೆಗೂ ಎಲ್ಲವೂ ಏಕಕಾಲಕ್ಕೆ ಬೀಳುವಂತಿರಲಿಲ್ಲ. ಆದರೆ ಎಲ್ಲಕ್ಕೂ ಒಂದೇ ಹೊಸ ಕ್ರಮವಿಧಿಯನ್ನು ತುಂಬಿದ್ದರು, ಅದರಲ್ಲೊಂದು ದೋಷವಿತ್ತು. ಒಂದು ಯಂತ್ರ ಕ್ಷಣಕಾಲ ಮಲಗಿ ಎದ್ದು, "ನಾನು ಎದ್ದೆ" ಎಂದು ನೆರೆಯವಕ್ಕೆ ಸುದ್ದಿ ಕಳುಹಿಸಿದೊಡನೆ, ಆ ಸುದ್ದಿಯನ್ನು ಅರಗಿಸಿಕೊಳ್ಳಲಾರದೆ ನೆರೆಯವೂ ಮಲಗಿದವು; ಅವು ಎದ್ದು ಇತರರನ್ನು ಮಲಗಿಸಿದವು. ಹೀಗೆ ಸುಮಾರು ಒಂಬತ್ತು ಗಂಟೆಗಳ ಕಾಲ ಕೋಟಿಗಟ್ಟಲೆ ಕರೆಗಳು ವ್ಯರ್ಥವಾದವು. ದೂರ ಇಟ್ಟಮಾತ್ರಕ್ಕೆ ಎರಡಾಗುವುದಿಲ್ಲವೆಂದಾಯಿತು. ಒಂದೇ ಗುರುವಿನಿಂದ ಒಂದೇ ತಪ್ಪು ಪಾಠ ಕಲಿತ ಇಬ್ಬರನ್ನು ಬೇರೆ ಬೇರೆ ಕೊಠಡಿಯಲ್ಲಿ ಕೂರಿಸಿದರೂ ಉತ್ತರಪತ್ರಿಕೆ ಒಂದೇ. ಪರೀಕ್ಷಾ ಸಮಯದಲ್ಲಿ ಈ ಸಂಗತಿ ನಮಗೆಲ್ಲ ಸ್ವಾನುಭವವೇ!

ಕೆನಡಾದ ರಾಜರ್ಸ್ ಜಾಲ 2022ರ ಜುಲೈ 8ರಂದು ಬಿದ್ದ ಕಥೆಯಲ್ಲಿ ಮತ್ತೊಂದು ಪಾಠವಿದೆ. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಿರಾಕಿಗಳ ಫೋನು, ಅಂತರಜಾಲ ಎರಡೂ ನಿಂತವು, ಏಕೆಂದರೆ ಎರಡೂ ಒಂದೇ ಐ.ಪಿ. ಬೆನ್ನೆಲುಬಿನ ಮೇಲೆ ಕೂತಿದ್ದವು. ರಿಪೇರಿ ಮಾಡಬೇಕಾದ ಇಂಜನಿಯರುಗಳ ಕೈಯ ಫೋನುಗಳೂ ಅದೇ ಜಾಲದವು! ಪರಸ್ಪರ ಮಾತಾಡಲಾಗದೆ ಅವರು ಮೊದಮೊದಲು ಕತ್ತಲಲ್ಲಿ ತಡವರಿಸಿದರು. ಬಾವಿಗೆ ಬಿದ್ದವನನ್ನು ಎತ್ತುವ ಹಗ್ಗ ಬಾವಿಯೊಳಗೇ ಇದ್ದಂತಾಯಿತು.

ದೂರದ ದೇಶಗಳೇಕೆ? ನಮ್ಮ ರಾಜ್ಯದಲ್ಲಿಯೇ, 2022ರ ಸೆಪ್ಟೆಂಬರಿನಲ್ಲಿ, 108 ಆಂಬ್ಯುಲೆನ್ಸ್ ಸೇವೆಯ ಕರೆ ಕೇಂದ್ರದ ಯಂತ್ರಾಂಶವೊಂದು ಕೆಟ್ಟು, ಬಂದ ಕರೆಗಳನ್ನು ಸಿಬ್ಬಂದಿ ಕೈಯಿಂದಲೇ ಬರೆದುಕೊಂಡು ನಿಭಾಯಿಸುವ ಸ್ಥಿತಿ ಬಂದಿತ್ತು. ಯಂತ್ರದ ಒಂದು ಹಲಗೆ ಸುಟ್ಟರೆ ಬೀದರಿನಿಂದ ಚಾಮರಾಜನಗರದವರೆಗೆ ರೋಗಿಗಳು ಕಾಯಬೇಕು! ನಮ್ಮ ಮನೆಯ ಆ ರಾತ್ರಿಯ ಸಂಗತಿ ನಮ್ಮೊಬ್ಬರದೇ ಅಲ್ಲವೆಂದು ಅದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ತಿಳಿಯಿತು.

ಇಷ್ಟೆಲ್ಲ ಓದಿದ ಮೇಲೆ ನನಗೊಂದು ಆಶ್ಚರ್ಯ. ಎರಡು ದಾರಿಗಳಿರಬೇಕೆಂಬ ಈ ವಿವೇಕವನ್ನು ಕೋಲಾರ ಸೀಮೆಯವರಿಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಾಗಿಲ್ಲ. ನಮ್ಮ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿದ್ದವು. ಗಣಿಯೊಳಗೆ ಜನ ಕೆಲಸ ಮಾಡುವುದಾದರೆ ಮೇಲಕ್ಕೆ ಬರಲು ಕನಿಷ್ಠ ಎರಡು ದಾರಿಗಳಿರಬೇಕು, ಅವು ಒಂದಕ್ಕೊಂದು ಅಂಟಿಕೊಂಡಿರಬಾರದು ಎಂಬುದು ಗಣಿಗಾರಿಕೆಯ ಕಾನೂನು. ಎರಡನೆಯ ದಾರಿಯಿಂದ ಒಂದು ಗುಂಜಿ ಚಿನ್ನವೂ ಹೆಚ್ಚಾಗಿ ಬರುವುದಿಲ್ಲ. ಆದರೂ ಅದನ್ನು "ಅನಾವಶ್ಯಕ ಖರ್ಚು" ಎಂದು ಕಾನೂನು ಕೇಳುವುದಿಲ್ಲ, ಏಕೆಂದರೆ ಕೆಳಗೆ ಮನುಷ್ಯರಿದ್ದಾರೆ.

"ಅಂಟಿಕೊಂಡಿರಬಾರದು" ಎಂಬ ಮಾತನ್ನು ಗಮನಿಸಬೇಕು. ಕಾಗದದ ಮೇಲೆ ಎರಡು ತಂತಿ, ನೆಲದಡಿಯಲ್ಲಿ ಒಂದೇ ಕಾಲುವೆ: ಇದು ನಮ್ಮಲ್ಲಿ ಸಾಮಾನ್ಯ. ಒಂದೇ ಸಲ ಅಗೆದು ಎರಡನ್ನೂ ಹೂತರೆ ಕೂಲಿ ಉಳಿಯುತ್ತದೆ, ಒಂದೇ ಸಲ ಯಂತ್ರ ಬಂದು ಎರಡನ್ನೂ ಕತ್ತರಿಸುತ್ತದೆ. ಸಮುದ್ರದಲ್ಲಿಯೂ ಹೀಗೆ ಆಗಿದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಸಮೀಪದಲ್ಲಿ ಎರಡು ಬೇರೆ ಬೇರೆ ಕೇಬಲ್ಲುಗಳು ಒಂದೇ ದಿನ ತುಂಡಾಗಿ, ಭಾರತದ ಅಂತರಜಾಲ ಸಂಪರ್ಕದ ದೊಡ್ಡ ಪಾಲು ಕುಗ್ಗಿಹೋಗಿತ್ತು. ಹೆಸರು ಎರಡು, ದಾರಿ ಒಂದು.

ಕೇಂದ್ರ ಸರ್ಕಾರವು 2011ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ತಂತಿ ಎಳೆಯುವ ಯೋಜನೆಯನ್ನು ಅಂಗೀಕರಿಸಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಮೊದಲ ಹಂತಗಳಲ್ಲಿ ತಂತಿಯನ್ನು ಮರದ ಕೊಂಬೆಯಂತೆ ಎಳೆದರು. ಕೊಂಬೆ ಮುರಿದರೆ ಅದರ ತುದಿಯ ಎಲೆಗಳೆಲ್ಲ ಒಣಗಬೇಕು. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆ ಇದನ್ನು ತಿದ್ದಲು ಹೊರಟಿದೆ. ಬ್ಲಾಕು ಕೇಂದ್ರದಿಂದ ಪಂಚಾಯಿತಿಗಳಿಗೆ ತಂತಿ ಉಂಗುರದಂತೆ ಸುತ್ತಿ ಬರಬೇಕೆಂದು ಅದರ ಗುರಿ. ಉಂಗುರವನ್ನು ಒಂದು ಕಡೆ ಕತ್ತರಿಸಿದರೆ ಮಾತು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಬಹಳ ಒಳ್ಳೆಯ ಆಲೋಚನೆ. ಆದರೆ ಉಂಗುರದ ಹೋಗುವ ಅರ್ಧ ಬರುವ ಅರ್ಧ ಎರಡನ್ನೂ ಒಂದೇ ರಸ್ತೆಯ ಬದಿಯಲ್ಲಿ ಹೂಳಿದರೆ ಅದು ಉಂಗುರವಲ್ಲ, ಮಡಚಿದ ದಾರ. ಇದನ್ನು ನೋಡಿಕೊಳ್ಳಬೇಕಾದವರು ದೆಹಲಿಯವರಲ್ಲ. ತಂತಿ ಯಾವ ಹೊಲದ ಬದಿಯಲ್ಲಿ ಹೋಗಿದೆಯೆಂದು ನೋಡಬಲ್ಲವರು ನಾವೇ.

ಇನ್ನು ವಿದ್ಯುತ್ತಿನ ಮಾತು. ಹೊಸ ಗಾಜಿನ ತಂತಿಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು 48 ವೋಲ್ಟು ಹರಿಯುವುದಿಲ್ಲ. ಮನೆಯೊಳಗಿನ ಪೆಟ್ಟಿಗೆ ಮನೆಯ ಕರೆಂಟಿನಿಂದಲೇ ನಡೆಯಬೇಕು. ಬಿರುಗಾಳಿ ಬಂದ ರಾತ್ರಿ ಕಂಬ ಬಿದ್ದು ಕರೆಂಟು ಹೋದರೆ, ಕಂಬ ಬಿದ್ದಿದೆಯೆಂದು ತಿಳಿಸಲು ಫೋನೂ ಇಲ್ಲ. ಬೆಂಗಳೂರಿನಲ್ಲಿ ಎರಡು, ಹುಬ್ಬಳ್ಳಿಯಲ್ಲಿ ಎರಡು ಮಿದುಳುಗಳನ್ನಿಟ್ಟು, ಹಳ್ಳಿಯ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿ ಕೊಡದಿದ್ದರೆ ಆ ವೈಭವದಿಂದ ಕ್ಯಾಲನೂರಿಗೆ ಬಂದ ಭಾಗ್ಯವೇನು?

"ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಈ ತಂತಿಯ ಚಿಂತೆ ಏಕಯ್ಯಾ?" ಎಂದು ನನ್ನ ಕೊಠಡಿಯ ಮಿತ್ರನೊಬ್ಬ ಕೇಳಿದ. ಗೋಪುರದಿಂದ ಕೈಗೆ ಮಾತ್ರ ಗಾಳಿಯಲ್ಲಿ ಬರುತ್ತದೆ. ಗೋಪುರಕ್ಕೆ ಮಾತು ಬಂದು ಸೇರುವುದು ಎಷ್ಟೋ ಕಡೆ ಇದೇ ಗಾಜಿನ ತಂತಿಯಿಂದ. ನಮ್ಮ ಮನೆಯ ನಾಲ್ಕು ಮೊಬೈಲುಗಳಲ್ಲಿ ಆ ರಾತ್ರಿ ಸಿಗ್ನಲಿನ ಗೆರೆಗಳು ತುಂಬ ಚೆನ್ನಾಗಿಯೇ ಕಾಣುತ್ತಿದ್ದವು! ಇನ್ನೊಬ್ಬ ಮಿತ್ರ ಅರ್ಥಶಾಸ್ತ್ರದವನು. ಹಳ್ಳಿಗೆ ಎರಡೆರಡು ದಾರಿ ಕೊಟ್ಟರೆ ಖರ್ಚು ಯಾರು ಹೊರುವುದು ಎಂದ. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಎಲ್ಲ ಹಳ್ಳಿಗೂ ಎಲ್ಲವನ್ನೂ ಕೊಡಲಾಗದು. ಆದರೆ ಊರೊಳಗಿನ ಕರೆಯನ್ನು ಊರೊಳಗೇ ಕೂಡಿಸುವ ಶಕ್ತಿಯನ್ನು ಹೊಸ ಗೇಟ್‌ವೇಗಳಲ್ಲಿಯೂ ಇಡಬಹುದು. ಹೊರಮಾರ್ಗ ಕಡಿದಾಗ ತಾನೇ ಒಂದು ಪುಟ್ಟ ಎಕ್ಸ್‌ಚೇಂಜಾಗಿ ನಿಲ್ಲುವ ಗುಣ ಅದು. ಅದಕ್ಕೆ ಹೊಸ ಕಾಲುವೆ ಅಗೆಯಬೇಕಿಲ್ಲ. ಕೊಳ್ಳುವಾಗ ಕೇಳಬೇಕು, ಕೂರಿಸುವಾಗ ಅದನ್ನು ಚಾಲೂ ಮಾಡಬೇಕು, ವರ್ಷಕ್ಕೊಮ್ಮೆಯಾದರೂ ಬೇಕೆಂದೇ ತಂತಿ ಕಳಚಿ ನೋಡಬೇಕು. ಪರೀಕ್ಷೆ ಮಾಡದ ಎರಡನೆಯ ದಾರಿ, ಹಬ್ಬದ ದಿನ ಮಾತ್ರ ಅಟ್ಟದಿಂದ ಇಳಿಸುವ ಲಾಂದ್ರದಂತೆ. ಬೇಕಾದಾಗ ಅದರಲ್ಲಿ ಎಣ್ಣೆ ಇರುವುದಿಲ್ಲ.

ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವ ನಡುವಿನ ಕಾಲವೇ ಎಲ್ಲಕ್ಕಿಂತ ಅಪಾಯದ್ದು. ಆಗ ಹಳೆಯ ಮಿದುಳು ಕೆಲವು ದಿನವಾದರೂ ಬದುಕಿರಬೇಕು. ಹೊಸದು ಎಡವಿದರೆ ಆ ರಾತ್ರಿಯೇ ಹಳೆಯದಕ್ಕೆ ಮರಳುವಂತಿರಬೇಕು. ಕಟ್ಟಿದ ಮನೆಯ ಸೂರು ನಿಲ್ಲುವ ಮೊದಲೇ ಗುಡಿಸಲನ್ನು ಸುಟ್ಟವರು ಮಳೆಯಲ್ಲಿ ನೆನೆಯುತ್ತಾರೆ. ಮತ್ತೊಂದು ಸೂಕ್ಷ್ಮ: ಒಂದು ಮಿದುಳು ಸತ್ತು ಇನ್ನೊಂದು ಏಳುವ ಗಳಿಗೆಯಲ್ಲಿ ಸಾವಿರಾರು ಗೇಟ್‌ವೇಗಳು ಏಕಕಾಲಕ್ಕೆ "ನನ್ನ ಹೆಸರು ಬರೆದುಕೊಳ್ಳಿ" ಎಂದು ನುಗ್ಗುತ್ತವೆ. ಜಾತ್ರೆಯಲ್ಲಿ ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲಲ್ಲಿ ಆಗುವ ತುಳಿತವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೇಟ್‌ವೇಗಳು ಸರದಿಯಲ್ಲಿ, ಸ್ವಲ್ಪ ಸ್ವಲ್ಪ ತಡೆದು ಕೇಳುವಂತೆ ಮೊದಲೇ ಹೇಳಿಕೊಟ್ಟಿರಬೇಕು.

ಇವೆಲ್ಲ ಇಂಜನಿಯರುಗಳ ಕೆಲಸ, ನಮ್ಮದಲ್ಲವೆಂದು ಸುಮ್ಮನಿರಬಹುದಿತ್ತು. ಕಳೆದ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಎರಡು ಪ್ರಶ್ನೆ ಕೇಳಿದೆ. ನಮ್ಮ ಪಂಚಾಯಿತಿಗೆ ಬರುವ ತಂತಿ ಎಷ್ಟು ಕಡೆಯಿಂದ ಬರುತ್ತದೆ? ರಸ್ತೆ ಅಗೆಯುವವರಿಗೆ ಅದರ ನಕ್ಷೆಯನ್ನು ಯಾರು ಕೊಡುತ್ತಾರೆ? ಸಭೆಯಲ್ಲಿ ಚರಂಡಿಯ ವಿಷಯ ಕಾವೇರಿದ್ದ ಸಮಯ, ಕೆಲವರು ನಕ್ಕರು. ಬಿ.ಎ. ಓದುವವನಿಗೆ ತಂತಿಯ ಗೊಡವೆ ಏಕೆಂದು ಹಿಂದಿನಿಂದ ಯಾರೋ ಅಂದರು. ವಿಚಾರಿಸಿ ತಿಳಿಸುತ್ತೇವೆಂದು ಮೇಜಿನ ಕಡೆಯಿಂದ ಉತ್ತರ ಬಂತು, ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದುಕೊಂಡರು. ದೊಡ್ಡಪ್ಪ ಮುಂದಿನ ಸಾಲಿನಲ್ಲಿ ಕುಳಿತಿದ್ದರು, ಅವರೊಬ್ಬರು ನಗಲಿಲ್ಲ. ಮುಂದಿನ ಸಭೆ ಯುಗಾದಿಯ ನಂತರ ಇದೆ. ಅಷ್ಟರಲ್ಲಿ ನಮ್ಮ ಪರೀಕ್ಷೆಗಳೂ ಮುಗಿದಿರುತ್ತವೆ. ನಾನು ಹೋಗುತ್ತೇನೆ, ದೊಡ್ಡಪ್ಪನೂ ಬರುತ್ತೇನೆಂದಿದ್ದಾರೆ.